ಗುಂಡೇ ತಾಗಿಲ್ಲ, ಮತ್ತೆ ಕಾಯಿಲೆ ಎಲ್ಲಿಂದ ಬಂತು?

ಪ್ರ: ಸಾರ್, ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದ ಅಮೆರಿಕದ ಸೈನಿಕರಿಗೆ ಮೂವತ್ತು ನಲವತ್ತು ವರ್ಷ ಆದ್ಮೇಲೆ ಶುಗರ್ ಬಂದ್ರೂ ಅದು ಯುದ್ಧದಿಂದ್ಲೇ ಅಂತ ಸರ್ಕಾರ ದುಡ್ಡು ಕೊಡುತ್ತಂತೆ. ವಯಸ್ಸಾದ್ಮೇಲೆ ಶುಗರ್ ಯಾರಿಗೆ ಬರಲ್ಲ ಹೇಳಿ? ಇದು ಸ್ವಲ್ಪ ಜಾಸ್ತಿ ಆಯ್ತು ಅನ್ಸಲ್ವಾ?

ಉ: ನಿಮ್ಮ ಡೌಟು ನ್ಯಾಯವಾಗೇ ಇದೆ. ಶುಗರ್ ಬಂದ ಒಬ್ಬ ಮನುಷ್ಯನ್ನ ಎದುರಿಗೆ ಕೂರಿಸ್ಕೊಂಡು ಇದು ವಂಶದಿಂದ ಬಂತಾ, ವಯಸ್ಸಿಂದ ಬಂತಾ, ವಿಷದಿಂದ ಬಂತಾ ಅಂತ ಯಾವ ಡಾಕ್ಟರೂ ಹೇಳಕ್ಕಾಗಲ್ಲ. ಆದ್ರೆ ಆ ಸೈನಿಕರನ್ನ ವರ್ಷಗಟ್ಟಲೆ ಅಲೆದಾಡ್ಸಿದ್ದೂ ಇದೇ ಮಾತು ಹೇಳ್ಕೊಂಡು, ಅದನ್ನ ಮರೀಬಾರ್ದು.

1962ರಿಂದ 1971ರ ತನಕ ಶತ್ರುಗೆ ಅಡಗೋಕೆ ಮರೆ ಸಿಗಬಾರ್ದು ಅಂತ ಅಮೆರಿಕದ ವಿಮಾನಗಳು ವಿಯೆಟ್ನಾಂ ಕಾಡಿನ ಮೇಲೆ ಎಲೆ ಉದುರಿಸೋ ಕೆಮಿಕಲ್‌ಗಳನ್ನ ಸುರಿದ್ವು. ಅವುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಬಳಸಿದ್ದಕ್ಕೆ, ಡ್ರಮ್ಮಿನ ಮೇಲೆ ಕಿತ್ತಳೆ ಬಣ್ಣದ ಪಟ್ಟಿ ಇದ್ದಿದ್ರಿಂದ, ಏಜೆಂಟ್ ಆರೆಂಜ್ ಅಂತ ಹೆಸರು. ಅದು ಎರಡು ಕಳೆನಾಶಕಗಳ ಮಿಶ್ರಣ. ಅದರಲ್ಲಿ ಒಂದನ್ನ ತಯಾರು ಮಾಡೋವಾಗ ಡಯಾಕ್ಸಿನ್ ಅನ್ನೋ ವಿಷ ತಾನಾಗೇ ಹುಟ್ಟಿ ಅದ್ರಲ್ಲೇ ಉಳ್ಕೊಳ್ತಿತ್ತು. ಡಯಾಕ್ಸಿನ್ ಹೋಗಿ ಕೂರೋದು ಮೈಯ ಕೊಬ್ಬಿನಲ್ಲಿ, ಒಳಗೆ ಸೇರಿದ್ದು ಅರ್ಧಕ್ಕೆ ಇಳಿಯೋಕೇ ಏಳರಿಂದ ಹನ್ನೊಂದು ವರ್ಷ ಬೇಕು. ಇಪ್ಪತ್ತರ ಹುಡುಗ ಮೈಮೇಲೆ ಒಂದು ಗಾಯನೂ ಇಲ್ದೆ ಮನೆಗೆ ವಾಪಸ್ ಬಂದ, ಮದುವೆ ಆಯ್ತು, ಮಕ್ಕಳಾಯ್ತು, ಐವತ್ತಕ್ಕೆ ಕಾಯಿಲೆ ಶುರುವಾಯ್ತು, ಈಗ ಪ್ರೂಫ್ ತಗೊಂಡು ಬಾ ಅಂದ್ರೆ ಎಲ್ಲಿಂದ ತರ್ತಾನೆ? ಯಾವ ದಿನ, ಯಾವ ಕಾಡಲ್ಲಿ, ಎಷ್ಟು ಮೈಗೆ ಬಿತ್ತು ಅಂತ ಯಾರೂ ಬರೆದಿಟ್ಟಿರಲಿಲ್ಲ.

ಅದಕ್ಕೇ 1991ರಲ್ಲಿ ಒಂದು ಕಾನೂನು ಬಂತು. ನೀನು ಆ ಜಾಗದಲ್ಲಿ ಆ ಕಾಲದಲ್ಲಿ ಇದ್ದೆಯಾ, ನಿನ್ನ ಕಾಯಿಲೆ ಸರ್ಕಾರದ ಲಿಸ್ಟಲ್ಲಿ ಇದ್ಯಾ, ಇವೆರಡೇ ಪ್ರಶ್ನೆ. ಎರಡಕ್ಕೂ ಹೌದು ಅಂದ್ರೆ ಸಂಬಂಧ ಇದೆ ಅಂತ್ಲೇ ಹಿಡ್ಕೋತಾರೆ. ಒಬ್ಬನ ವಿಷಯದಲ್ಲಿ ಹೇಳಕ್ಕಾಗದಿದ್ರೂ ಸಾವಿರಾರು ಜನರ ಲೆಕ್ಕ ತೆಗೆದಾಗ ಯಾವ ಕಾಯಿಲೆ ಜಾಸ್ತಿ ಅಂತ ಗೊತ್ತಾಗುತ್ತಲ್ಲ, ಅದನ್ನ ವಿಜ್ಞಾನಿಗಳು ನೋಡಿ ನೋಡಿ ಲಿಸ್ಟ್ ಬೆಳೀತು. ಟೈಪ್ 2 ಶುಗರ್ ಸೇರಿದ್ದು 2001ರಲ್ಲಿ, ಬಿಪಿ ಸೇರಿದ್ದಂತೂ 2022ರಲ್ಲಿ! ಸಿಂಪಡಿಸೋದು ನಿಲ್ಲಿಸಿ ಐವತ್ತೊಂದು ವರ್ಷ ಆಗಿತ್ತು. ಹೇಗಿದ್ರೂ ಶುಗರ್ ಬರ್ತಿದ್ದ ನಾಲ್ಕು ಜನಕ್ಕೂ ಇದ್ರಲ್ಲಿ ದುಡ್ಡು ಸಿಗುತ್ತೆ, ಒಪ್ತೀನಿ. ನನ್ನ ಕೇಳಿದ್ರೆ, ತಪ್ಪೋದಾದ್ರೆ ದುಡ್ಡು ಕೊಡೋ ಕಡೆಗೇ ತಪ್ಪೋದು ವಾಸಿ. (ಅದೇ ಕೆಮಿಕಲ್ ಬಿದ್ದ ಊರಲ್ಲೇ ಇದ್ದ ವಿಯೆಟ್ನಾಂ ಜನಕ್ಕೆ ಈ ಲಿಸ್ಟಿಂದ ಏನೂ ಸಿಗಲ್ಲ, ಅದೂ ಇರ್ಲಿ ತಲೇಲಿ.)

ಪ್ರ: ಈಗಿನ ಯುದ್ಧಗಳಲ್ಲಿ ಹಂಗೆಲ್ಲ ಕೆಮಿಕಲ್ ಸಿಂಪಡಿಸಲ್ವಲ್ಲ, ಇರಾಕ್‌ಗೆ ಹೋದೋರಿಗೆ ಏನಾಯ್ತು?

ಉ: ಕಸ ಸುಟ್ರು. ಪ್ಲಾಸ್ಟಿಕ್ಕು, ಬ್ಯಾಟರಿ, ಆಸ್ಪತ್ರೆ ಕಸ, ಪಾಯಿಖಾನೆ ಕಸ ಎಲ್ಲಾನೂ ಬಯಲಲ್ಲಿ ಗುಂಡಿ ತೋಡಿ ಹಾಕಿ ವಿಮಾನದ ಇಂಧನ ಸುರಿದು ಬೆಂಕಿ ಇಡೋದು. ಬಲಾದ್ ಅನ್ನೋ ಬೇಸಲ್ಲಿ ಆ ಗುಂಡಿ ಎಕರೆಗಟ್ಟಲೆ ಇತ್ತು, ಸೈನಿಕರು ಮಲಗೋದು ಅದೇ ಹೊಗೇಲಿ. ಜೊತೆಗೆ 2003ರಲ್ಲಿ ಮೊಸೂಲ್ ಹತ್ರ ಒಂದು ಗಂಧಕದ ಗಣಿಗೆ ಬೆಂಕಿ ಬಿದ್ದು ವಾರಗಟ್ಟಲೆ ಉರೀತು.

ವಾಪಸ್ ಬಂದ ಹುಡುಗರು ಮೊದ್ಲಿನ ಥರ ಓಡಕ್ಕಾಗ್ತಿಲ್ಲ ಅಂತ ಡಾಕ್ಟರ್ ಹತ್ರ ಹೋದ್ರೆ ಎಕ್ಸ್‌ರೇ ನಾರ್ಮಲ್ಲು. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಡಾಕ್ಟರುಗಳು ಇಂಥ 80 ಸೈನಿಕರನ್ನ ಪರೀಕ್ಷೆ ಮಾಡಿ ಅವರಲ್ಲಿ 49 ಜನರ ಶ್ವಾಸಕೋಶದಿಂದ ಚೂರು ತೆಗೆದು ನೋಡಿದ್ರು, 38 ಜನಕ್ಕೆ ಉಸಿರಿನ ಸಣ್ಣ ಸಣ್ಣ ಕೊಳವೆಗಳೇ ಗಾಯವಾಗಿ ಕಿರಿದಾಗೋ ಕಾಯಿಲೆ ಇತ್ತು. ಇದು ಅಚ್ಚಾಗಿದ್ದು 2011ರಲ್ಲಿ. ಹಾಗಾಗಿ ರಿಪೋರ್ಟ್ ನಾರ್ಮಲ್ ಇದೆ, ಸುಮ್ನೆ ನಾಟಕ ಅನ್ನೋರ ಮಾತು ಕೇಳಿದ್ರೆ ನನಗೆ ಸಿಟ್ಟು ಬರುತ್ತೆ.

ಪ್ರ: ನಮ್ಮ ಬೀಗರ ಕಡೆಯವ್ರೊಬ್ರು ಅಮೆರಿಕದ ಸೈನ್ಯದಲ್ಲಿ ಇದ್ದೋರು, ಯುದ್ಧಕ್ಕೇ ಹೋಗಿಲ್ಲ. ಅವ್ರಿಗೇನೂ ತೊಂದ್ರೆ ಇಲ್ಲ ತಾನೆ?

ಉ: ಎಲ್ಲಿದ್ರು ಅಂತ ಮೊದ್ಲು ಕೇಳಿ. ನಾರ್ತ್ ಕ್ಯಾರೊಲೈನಾದ ಕ್ಯಾಂಪ್ ಲೆಜೂನ್ ಅನ್ನೋ ಸೈನ್ಯದ ನೆಲೆಯಲ್ಲಿ 1953ರಿಂದ 1987ರ ತನಕ ಕುಡಿಯೋ ನೀರಲ್ಲೇ ಬೆಂಜೀನು, ಗ್ರೀಸ್ ತೊಳೆಯೋ ಕೆಮಿಕಲ್ಲು, ಡ್ರೈಕ್ಲೀನಿಂಗ್ ಕೆಮಿಕಲ್ಲು ಬೆರೆತಿತ್ತು. ಅಲ್ಲಿ ಇದ್ದೋರಿಗೆ ಪಾರ್ಕಿನ್ಸನ್ ಅನ್ನೋ ಕೈಕಾಲು ನಡುಗೋ ಕಾಯಿಲೆ ಬರೋ ಸಾಧ್ಯತೆ, ಇಂಥ ನೀರಿಲ್ಲದ ಇನ್ನೊಂದು ಕ್ಯಾಂಪಿನೋರಿಗಿಂತ ಶೇಕಡಾ 70 ಜಾಸ್ತಿ ಅಂತ 2023ರಲ್ಲಿ ಗೊತ್ತಾಯ್ತು. ಅಲ್ಲಿ 30 ದಿನ ಇದ್ದಿದ್ರೂ ಸಾಕು, ಕಾಯಿಲೆ ಲಿಸ್ಟಲ್ಲಿದ್ರೆ ದುಡ್ಡಿಗೆ ಅರ್ಹತೆ ಬರುತ್ತೆ, ಹೆಂಡತಿ ಮಕ್ಕಳು ಜೊತೆಗಿದ್ರೆ ಅವರ ಚಿಕಿತ್ಸೆ ಖರ್ಚಿಗೂ ದಾರಿ ಇದೆ. ಸರ್ವಿಸ್ ಬಿಟ್ಟಾಗ ಕೊಟ್ಟ ಡಿಡಿ 214 ಅನ್ನೋ ಕಾಗದ ಹುಡುಕಿಡೋಕೆ ಹೇಳಿ, ಮಾಜಿ ಸೈನಿಕರ ಇಲಾಖೆ ಆಸ್ಪತ್ರೆಯಲ್ಲಿ ವಿಷದ ಸಂಪರ್ಕದ ಬಗ್ಗೆನೇ ಒಂದು ಸ್ಕ್ರೀನಿಂಗ್ ಮಾಡ್ತಾರೆ, ಕೇಳಿ ಮಾಡಿಸ್ಕೊಳ್ಲಿ. ಹಿಂದೆ ಅರ್ಜಿ ಹಾಕಿ ರಿಜೆಕ್ಟ್ ಆಗಿದ್ರೂ, ಆ ಕಾಯಿಲೆ ಈಗ ಲಿಸ್ಟಿಗೆ ಸೇರಿದ್ರೆ ಮತ್ತೆ ಹಾಕಬಹುದು.