ವೈರಸ್‌ಗೆ ದೀಪ ಕಟ್ಟಿದರೆ ಕಾಣುವುದೇನು?

ಪ್ರಶ್ನೆ: ಮೇಡಂ, ನಾನು ಧಾರವಾಡದಲ್ಲಿ ಬಿಎಸ್ಸಿ ಅಗ್ರಿ ಓದುತ್ತಿದ್ದೇನೆ. ಹೊಳೆಯುವ ಪ್ರೋಟೀನ್ ಸೇರಿಸಿದ ವೈರಸ್ ಬಳಸಿ ಬೆಳೆಗಳ ರೋಗ ನಿರೋಧಕ ಶಕ್ತಿ ಪರೀಕ್ಷಿಸುತ್ತಾರೆ ಎಂದು ಕ್ಲಾಸಿನಲ್ಲಿ ಹೇಳಿದರು. ಎಲೆ ಹಳದಿಯಾದರೆ ರೋಗ ಬಂದಿದೆ, ಹಸಿರಾಗಿದ್ದರೆ ಬಂದಿಲ್ಲ. ನೋಡಿದರೇ ಗೊತ್ತಾಗುತ್ತದೆ ಅಲ್ವಾ? ಅದಕ್ಕೆ ಇಷ್ಟೆಲ್ಲ ಯಾಕೆ?

ಉತ್ತರ: ಹಳದಿ ಎಲೆಯಲ್ಲಿ ನಿಮಗೆ ಕಾಣುವುದು ಗಿಡದ ನರಳಾಟ. ವೈರಸ್ ಅದಕ್ಕೂ ಎಷ್ಟೋ ದಿನ ಮೊದಲೇ ಒಳಗೆ ಓಡಾಡಿರುತ್ತದೆ. ಆದರೆ ನನಗೆ ಜಾಸ್ತಿ ತಲೆ ಕೆಡಿಸುವುದು ಹಸಿರಾಗಿರುವ ಗಿಡ. ಅಲ್ಲಿ ವೈರಸ್ ಮೊದಲ ಕೋಶದಲ್ಲೇ ಸತ್ತಿತೋ? ಒಂದು ಎಲೆಯ ತುಂಬ ಹರಡಿ ಅಲ್ಲೇ ಸಿಕ್ಕಿಬಿತ್ತೋ? ಇಲ್ಲಾ ಗಿಡದ ತುಂಬ ಇದ್ದರೂ ಗಿಡ ತಡೆದುಕೊಂಡಿದೆಯೋ? ಹೊರಗಿನಿಂದ ಮೂರೂ ಒಂದೇ ಥರ. ಮೂರನೆಯದನ್ನು ನಿರೋಧಕ ತಳಿ ಅಂತ ನಂಬಿ ಬೆಳೆದರೆ ಅದು ಪಕ್ಕದ ಹೊಲಕ್ಕೆ ರೋಗ ಹಂಚುತ್ತದೆ. ಹಾಗಾಗಿ ವೈರಸ್ ಎಲ್ಲಿ ನಿಂತಿತು ಎಂದು ಗೊತ್ತಾಗಲೇಬೇಕು. ಈ ದೀಪ ಬೇಕಾದದ್ದು ಅದಕ್ಕೆ.

ದೀಪ ಬಂದದ್ದು ಸಮುದ್ರದಿಂದ. ಒಸಾಮು ಶಿಮೊಮುರಾ 1962ರಲ್ಲಿ ಜೆಲ್ಲಿ ಮೀನಿನಿಂದ ಬೇರ್ಪಡಿಸಿದ ಹಸಿರು ಹೊಳೆಯುವ ಪ್ರೋಟೀನ್ ಅದು. ನಾವೆಲ್ಲ ಜಿಎಫ್‌ಪಿ ಅನ್ನುತ್ತೇವೆ. ಅದಕ್ಕೆ 2008ರಲ್ಲಿ ನೊಬೆಲ್ ಬಂತು. ಬ್ರಿಟನ್ನಿನ ಡೇವಿಡ್ ಬಾಲ್ಕೊಂಬ್ ಮತ್ತು ಸಂಗಡಿಗರು 1995ರಲ್ಲಿ ಇದರ ಜೀನನ್ನು ಆಲೂಗಡ್ಡೆಯ ಎಕ್ಸ್ ವೈರಸ್‌ಗೆ ಸೇರಿಸಿದರು. ಅದಕ್ಕೂ ಮೊದಲು, 1992ರಲ್ಲೇ, ಅಮೆರಿಕದಲ್ಲಿ ಗಸ್ ಎಂಬ ಗುರುತಿನ ಜೀನ್ ಸೇರಿಸಿದ ವೈರಸ್ ಬಂದಿತ್ತು. ಆದರೆ ಗಸ್ ನೋಡಬೇಕಾದರೆ ಎಲೆ ಕಿತ್ತು ಬಣ್ಣದ ದ್ರಾವಣದಲ್ಲಿ ನೆನೆಸಬೇಕು. ಎಲೆ ಅಲ್ಲಿಗೆ ಮುಗಿಯಿತು. ಜಿಎಫ್‌ಪಿ ಆದರೆ ಗಿಡ ಬದುಕಿರುವಾಗಲೇ ಅದೇ ಎಲೆಯನ್ನು ಇವತ್ತೂ ನೋಡಬಹುದು, ನಾಳೆಯೂ ನೋಡಬಹುದು.

ನೋಡುವುದು ಹೇಗೆ ಎಂದು ಹೇಳುತ್ತೇನೆ. ಲ್ಯಾಬಿನಲ್ಲಿ ನಾವು ಬಳಸುವ ಕಾಡು ತಂಬಾಕಿನ ಗಿಡವನ್ನು ಕತ್ತಲೆ ಕೋಣೆಗೆ ಒಯ್ದು ಯುವಿ ಟಾರ್ಚ್ ಹಾಕಿದರೆ ಎಲೆ ಹಸಿರಾಗಿ ಕಾಣುವುದಿಲ್ಲ, ಗಾಢ ಕೆಂಪಾಗಿ ಕಾಣುತ್ತದೆ. ಅದು ಪತ್ರಹರಿತಿನ ಹೊಳಪು. ಆ ಕೆಂಪಿನ ಮೇಲೆ, ವೈರಸ್ ಉಜ್ಜಿದ ಕಡೆ, ಸಾಸಿವೆ ಕಾಳಿನಷ್ಟು ಹಸಿರು ಚುಕ್ಕೆಗಳು. ಮರುದಿನ ಅವು ಅಗಲವಾಗಿರುತ್ತವೆ. ಇನ್ನೂ ಕೆಲವು ದಿನ ಕಳೆದರೆ ಮೇಲಿನ ಎಳೆ ಎಲೆಯಲ್ಲಿ ಮೊದಲು ದಪ್ಪ ನರಗಳ ಅಂಚಿಗೆ ಹಸಿರು ಹತ್ತುತ್ತದೆ, ಆಮೇಲೆ ಸುತ್ತಲೂ ಹರಡುತ್ತದೆ. ಆ ಹೊತ್ತಿಗೆ ಹೊರಗೆ ತಂದು ಬೆಳಕಿನಲ್ಲಿ ನೋಡಿದರೆ ಆ ಎಲೆಯಲ್ಲಿ ಎಷ್ಟೋ ಸಲ ಒಂದು ಕಲೆಯೂ ಇರುವುದಿಲ್ಲ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ನನ್ನ ಹತ್ತಿರ ಇಲ್ಲ.

ಈಗ ಒಂದು ನಿಜವಾದ ಬೆಳೆಯ ಕಥೆ. ಅಮೆರಿಕದ ನೆಬ್ರಾಸ್ಕ, ಕಾನ್ಸಾಸ್ ಬಯಲಿನ ಗೋಧಿಗೆ ವೀಟ್ ಸ್ಟ್ರೀಕ್ ಮೊಸಾಯಿಕ್ ಎಂಬ ವೈರಸ್ ಕಾಟ ಇದೆ. ಎಲೆಯುದ್ದಕ್ಕೂ ಹಳದಿ ಗೀರು ಬೀಳುತ್ತದೆ. ಹರಡುವುದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ನಮ್ಮ ತೆಂಗಿನಕಾಯಿ ಮೇಲೆ ಕಂದು ಕಲೆ ಮಾಡುವ ನುಸಿ ಇದೆಯಲ್ಲ, ಅದೂ ಇದೂ ಒಂದೇ ಕುಲದವು. ಈ ವೈರಸ್ ತಡೆಯುವ ಎರಡು ಜೀನ್‌ಗಳು ತಳಿಗಾರರ ಕೈಯಲ್ಲಿವೆ. ಮೇಸ್ ಎಂಬ ತಳಿಯಲ್ಲಿರುವುದು ಡಬ್ಲ್ಯುಎಸ್‌ಎಂ-1, ಗೋಧಿಯ ನೆಂಟನಾದ ಒಂದು ಹುಲ್ಲಿನಿಂದ ಬಂದದ್ದು. ಸ್ನೋಮಾಸ್ ಎಂಬ ತಳಿಯಲ್ಲಿರುವುದು ಡಬ್ಲ್ಯುಎಸ್‌ಎಂ-2. ಎರಡಕ್ಕೂ ಒಂದೇ ತೊಂದರೆ. 18 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲಸ ಮಾಡುತ್ತವೆ. ಬಿಸಿ ಏರಿದರೆ ಕೈಕೊಡುತ್ತವೆ.

ಯಾಕೆ ಹೀಗೆ? ಚಳಿಯಲ್ಲಿ ವೈರಸ್ ಹುಟ್ಟುವುದೇ ಇಲ್ಲ ಎಂದು ಊಹಿಸುವುದು ಸುಲಭ. ನೆಬ್ರಾಸ್ಕದ ವಿಜ್ಞಾನಿಗಳು ಹೊಳೆಯುವ ಪ್ರೋಟೀನ್ ಸೇರಿಸಿದ ವೈರಸ್ ಮಾಡಿ, ನಿರೋಧಕ ತಳಿಗೂ ರೋಗ ತಗಲುವ ತಳಿಗೂ ಅಂಟಿಸಿ, 18 ಮತ್ತು 24 ಡಿಗ್ರಿಯಲ್ಲಿ ಇಟ್ಟು ನೋಡಿದರು. 2016ರಲ್ಲಿ ಪ್ರಕಟವಾದ ಅವರ ಫಲಿತಾಂಶ ಓದಿದಾಗ ನನಗೆ ನಿಜಕ್ಕೂ ಅಚ್ಚರಿಯಾಯಿತು. ಅಂಟಿಸಿದ ಎಲೆಯಲ್ಲಿ ಹೊಳೆಯುವ ಚುಕ್ಕೆಗಳು ಎರಡೂ ತಳಿಯಲ್ಲಿ, ಎರಡೂ ಉಷ್ಣತೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಸಂಖ್ಯೆ, ಅಷ್ಟೇ ಗಾತ್ರ! ಅಂದರೆ ನಿರೋಧಕ ತಳಿಯಲ್ಲೂ ವೈರಸ್ ಚೆನ್ನಾಗಿಯೇ ಬೆಳೆಯುತ್ತಿದೆ, ಕೋಶದಿಂದ ಕೋಶಕ್ಕೆ ದಾಟುತ್ತಿದೆ. ಆದರೆ 18 ಡಿಗ್ರಿಯಲ್ಲಿ ಅದು ಕಾಂಡವನ್ನು ಸುತ್ತಿಕೊಂಡ ಎಲೆಯ ಬುಡಕ್ಕೆ ಇಳಿಯಲೇ ಇಲ್ಲ. ಗಿಡದ ಬುಡಕ್ಕೂ ಹೋಗಲಿಲ್ಲ. 24 ಡಿಗ್ರಿಯಲ್ಲಿ ಎರಡೂ ಕಡೆ ಹೋಯಿತು. ಆಹಾರ ಸಾಗಿಸುವ ನಾಳದ ಬಾಗಿಲಲ್ಲಿ ಈ ಜೀನ್‌ಗಳು ವೈರಸ್ಸನ್ನು ತಡೆಯುತ್ತವೆ, ಬಿಸಿಯಾದರೆ ಆ ಬಾಗಿಲು ತೆರೆದುಕೊಳ್ಳುತ್ತದೆ.

ಇದನ್ನು ಆಲೂಗಡ್ಡೆಯ ಆರ್‌ಎಕ್ಸ್ ಜೀನ್ ಜೊತೆ ಹೋಲಿಸಿ. ಅದು ಎಕ್ಸ್ ವೈರಸ್ಸನ್ನು ಮೊದಲ ಕೋಶದಲ್ಲೇ ಅಡಗಿಸುತ್ತದೆ. ಗೋಧಿಯ ಎರಡು ಜೀನ್‌ಗಳು ಬೇರೆ ಬೇರೆಯಾದರೂ ಕಾಯುವುದು ಒಂದೇ ಬಾಗಿಲನ್ನು. ಎರಡನ್ನೂ ಒಂದೇ ತಳಿಗೆ ಸೇರಿಸಿದರೆ ಬಲ ಎರಡರಷ್ಟಾಗುತ್ತದೆ ಎಂದು ಸುಮ್ನೆ ನಂಬುವ ಹಾಗಿಲ್ಲ. ನಾನು ತಳಿಗಾರಳಾಗಿದ್ದರೆ ಮೊದಲ ಕೋಶದಲ್ಲೇ ತಡೆಯುವ ಜೀನನ್ನು ಹುಡುಕುತ್ತಿದ್ದೆ.

ಪ್ರಶ್ನೆ: ಹೊಸ ಜೀನ್ ಹೊತ್ತ ವೈರಸ್ ಅಸಲಿ ವೈರಸ್‌ನಂತೆಯೇ ನಡೆದುಕೊಳ್ಳುತ್ತದಾ? ಹೊಳಪಿಲ್ಲ ಅಂದರೆ ವೈರಸ್ ಇಲ್ಲ ಅಂತಲೇ ಅರ್ಥವಾ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಇಲ್ಲ, ಹಾಗೆ ಅಂದುಕೊಳ್ಳಲೇಬೇಡಿ. ಜಿಎಫ್‌ಪಿ ವೈರಸ್‌ಗೆ ಯಾವ ಉಪಯೋಗಕ್ಕೂ ಬಾರದ ಹೊರೆ. ಗೋಧಿಯ ಆ ವೈರಸ್‌ನ ಒಟ್ಟು ಜೀನ್ ಬರಹ, ಅಂದರೆ ಜೀನೋಮ್, ಸುಮಾರು 9,400 ಅಕ್ಷರ. ಜಿಎಫ್‌ಪಿ ಅದರ ಮೇಲೆ 700ಕ್ಕೂ ಹೆಚ್ಚು ಅಕ್ಷರ ಹೇರುತ್ತದೆ. ಹೊತ್ತ ವೈರಸ್ ಸ್ವಲ್ಪ ನಿಧಾನವಾಗುವುದು ಸಾಮಾನ್ಯ. ನಕಲು ಮಾಡುತ್ತಾ ಹೋದಂತೆ ಎಲ್ಲೋ ಒಂದು ಕಡೆ ಹೊರೆ ಬಿದ್ದುಹೋದ ವೈರಸ್ ಹುಟ್ಟುತ್ತದೆ. ಅದು ಹಗುರ, ಜೋರಾಗಿ ಓಡುತ್ತದೆ. ಕೊನೆಗೆ ಗಿಡದ ತುಂಬ ಅದೇ. ಹೊಳಪು ಮಾತ್ರ ಇಲ್ಲ. ಅವಸರದಲ್ಲಿ ಇದನ್ನೇ ನಿರೋಧಕ ಗಿಡ ಎಂದು ಬರೆದುಕೊಂಡರೆ ವರ್ಷದ ಕೆಲಸ ಹಾಳು. ಆದ್ದರಿಂದ ಹೊಳೆಯದ ಪ್ರತಿ ಗಿಡಕ್ಕೂ ಪಿಸಿಆರ್ (ಜೀನಿನ ತುಣುಕನ್ನು ನಕಲು ಮಾಡಿ ಪತ್ತೆ ಹಚ್ಚುವ ಪರೀಕ್ಷೆ) ಮಾಡಿ, ಜೀನ್ ಸೇರಿಸಿದ ಜಾಗವನ್ನೇ ನೋಡಿ. ವೈರಸ್‌ನ ಹೊದಿಕೆ ಪ್ರೋಟೀನ್ ಇದೆಯಾ ಎಂದು ಎಲೈಸಾ ಎಂಬ ಪ್ರೋಟೀನ್ ಪರೀಕ್ಷೆಯಲ್ಲೂ ನೋಡಿ. ಜೀನ್ ಸೇರಿಸದ ವೈರಸ್ ಹಾಕಿದ ಗಿಡಗಳನ್ನು ಪಕ್ಕದಲ್ಲೇ ಇಟ್ಟಿರಿ.

ಹೊರೆ ಇಳಿಸುವ ಪ್ರಯತ್ನಗಳೂ ಆಗಿವೆ. ಐಲವ್ ಎಂಬ ಪ್ರೋಟೀನ್ ಜಿಎಫ್‌ಪಿಯ ಅರ್ಧದಷ್ಟೂ ಇಲ್ಲ. ಗಿಡಗಳು ಬೆಳಕಿನ ದಿಕ್ಕು ತಿಳಿಯಲು ಬಳಸುವ ಪ್ರೋಟೀನಿನ ಒಂದು ತುಂಡಿನಿಂದ ಮಾಡಿದ್ದು. ಸ್ಪೇನಿನ ವೆಲೆನ್ಸಿಯಾದವರು 2012ರಲ್ಲಿ ಸ್ನ್ಯಾಪ್‌ಡ್ರಾಗನ್ ಹೂಗಿಡದ ಒಂದು ಜೀನ್ ಸೇರಿಸಿದರು. ವೈರಸ್ ಹೋದ ಕಡೆ ಎಲೆ ನೇರಳೆ-ಕೆಂಪಾಗುತ್ತದೆ, ಟಾರ್ಚೂ ಬೇಡ.

ಪ್ರಶ್ನೆ: ಇಂಥ ವೈರಸ್ ಲ್ಯಾಬಿನಿಂದ ಹೊರಗೆ ಬಂದರೆ?

ಉತ್ತರ: ಬರಬಾರದು, ಅದಕ್ಕೇ ಕಟ್ಟುಪಾಡಿದೆ. ನಮ್ಮಲ್ಲಿ 1989ರ ನಿಯಮಗಳ ಪ್ರಕಾರ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಗಮನಕ್ಕೆ ತರದೆ ಇಂಥ ಕೆಲಸ ಮಾಡುವಂತಿಲ್ಲ. ಗಿಡಗಳು ಕೀಟ ನುಗ್ಗದ ಕೋಣೆಯಲ್ಲೇ ಇರಬೇಕು. ಕೆಲಸ ಮುಗಿದ ಮೇಲೆ ಎಲೆ, ಮಣ್ಣು ಎಲ್ಲವನ್ನೂ ಆಟೋಕ್ಲೇವ್ ಎಂಬ ಒತ್ತಡದ ಹಬೆ ಪಾತ್ರೆಯಲ್ಲಿ ಬೇಯಿಸಿಯೇ ಹೊರಗೆ ಹಾಕಬೇಕು.

ಪ್ರಶ್ನೆ: ನಾನು ಕೋಲಾರ ಕಡೆಯ ಟೊಮೆಟೊ ಬೆಳೆಗಾರ. ಎಲೆ ಮುಟುರು ರೋಗ ಬಿಡುತ್ತಿಲ್ಲ. ಈ ಟಾರ್ಚ್ ಹಿಡಿದು ನಮ್ಮ ತೋಟದಲ್ಲಿ ನೋಡಬಹುದಾ?

ಉತ್ತರ: ನೋಡಲಾಗುವುದಿಲ್ಲ. ಹೊಳೆಯುವುದು ಲ್ಯಾಬಿನಲ್ಲಿ ಜೀನ್ ಸೇರಿಸಿದ ವೈರಸ್ ಮಾತ್ರ. ನಿಮ್ಮ ತೋಟದ ವೈರಸ್‌ಗೆ ದೀಪವಿಲ್ಲ, ಟಾರ್ಚಿಗೆ ದುಡ್ಡು ಹಾಕಬೇಡಿ.

ನಿಮ್ಮ ಕಡೆ ಕಾಡುವ ವೈರಸ್‌ಗಳಲ್ಲಿ ಒಂದಕ್ಕೆ ಬೆಂಗಳೂರಿನ ಹೆಸರೇ ಇದೆ: ಟೊಮೆಟೊ ಲೀಫ್ ಕರ್ಲ್ ಬೆಂಗಳೂರು ವೈರಸ್. ಇದಕ್ಕೆ ಜಿಎಫ್‌ಪಿ ಸೇರಿಸುವುದು ಕಷ್ಟ. ಇದರ ಬರಹ ಹೆಚ್ಚುಕಡಿಮೆ 2,750 ಅಕ್ಷರ ಅಷ್ಟೇ. ಅದರ ಹೊದಿಕೆ ಇಷ್ಟೇ ಉದ್ದಕ್ಕೆ ಅಳತೆ ಕೊಟ್ಟು ಹೊಲಿದಂತಿದೆ. 700 ಅಕ್ಷರ ಸೇರಿಸಿದರೆ ಒಳಗೆ ಹಿಡಿಸುವುದಿಲ್ಲ. ಜಾಗ ಮಾಡಲು ಹೊದಿಕೆಯ ಜೀನನ್ನೇ ತೆಗೆದರೆ ಈ ರೋಗ ಹರಡುವ ಬಿಳಿ ನೊಣ ವೈರಸ್ಸನ್ನು ಹೊರಲಾರದು. ಹಾಗಾಗಿ ಈ ವೈರಸ್‌ಗೆ ತಳಿ ಪರೀಕ್ಷಿಸುವವರು ಬಿಳಿ ನೊಣ ಬಿಟ್ಟ ಪಂಜರದಲ್ಲಿ ಸಸಿ ಇಟ್ಟು, ಆಮೇಲೆ ಎಲೆಯಲ್ಲಿ ವೈರಸ್ ಎಷ್ಟಿದೆ ಎಂದು ಪಿಸಿಆರ್‌ನಲ್ಲಿ ಅಳೆಯುತ್ತಾರೆ.

ನಿಮಗೆ ಕೆಲಸಕ್ಕೆ ಬರುವ ಮಾತು ಇದು. ಹಲವು ಹೈಬ್ರಿಡ್‌ಗಳಲ್ಲಿ ಟಿವೈ-1 ಎಂಬ ಜೀನ್ ಇದೆ, ಕಾಡು ಟೊಮೆಟೊದಿಂದ ಬಂದದ್ದು. ಅದು ವೈರಸ್ಸನ್ನು ಕಡಿಮೆ ಮಾಡುತ್ತದೆ, ಪೂರ್ತಿ ಅಳಿಸುವುದಿಲ್ಲ. ಎಲೆ ನೀಟಾಗಿದ್ದರೂ ಒಳಗೆ ಸ್ವಲ್ಪ ವೈರಸ್ ಇರಬಹುದು. ಕೊಯ್ಲು ಮುಗಿದ ಗಿಡ ಆರೋಗ್ಯವಾಗಿ ಕಂಡರೂ ಹಾಗೇ ಬಿಡಬೇಡಿ. ಪಕ್ಕದಲ್ಲಿ ಹೊಸ ಸಸಿ ನೆಡುವ ಮೊದಲೇ ಕಿತ್ತು ತೆಗೆಯಿರಿ. ನರ್ಸರಿ ಇದ್ದರೆ ಸಸಿಗಳಿಗೆ ಮೊದಲ ದಿನದಿಂದಲೇ ನೈಲಾನ್ ಪರದೆ ಕಟ್ಟಿ, ಬಿಳಿ ನೊಣ ತೂರದಷ್ಟು ಸಣ್ಣ ಕಣ್ಣಿನದು.