ಚಾರ್ಟರ್ ಸೂಚ್ಯಂಕ ಇಳಿದರೂ ಸಾಗಣೆ ದರ ಇಳಿಯದಿರುವುದೇಕೆ?

ಮಾನ್ಯರೇ, ಹ್ಯಾಂಬರ್ಗ್‌ನ ಕಾನ್‌ಟೆಕ್ಸ್ ಸೂಚ್ಯಂಕ ಇಳಿದಿದ್ದರೂ ಮೈಸೂರಿನಿಂದ ನೀವು ಕಳುಹಿಸುವ ಊದುಬತ್ತಿಯ ಕಂಟೇನರ್‌ಗೆ ಹಳೆಯ ದರವನ್ನೇ ಏಕೆ ಕೇಳುತ್ತಿದ್ದಾರೆ ಎಂದು ವಿಚಾರಿಸಿದ್ದೀರಿ. ಆ ಸೂಚ್ಯಂಕ ಅಳೆಯುವುದು ಪೆಟ್ಟಿಗೆಯ ಸಾಗಣೆ ದರವನ್ನಲ್ಲ, ಇಡೀ ಹಡಗಿನ ದಿನದ ಬಾಡಿಗೆಯನ್ನು, ಅಂದರೆ ಚಾರ್ಟರ್ ದರವನ್ನು. ಮಂಡ್ಯದ ಆಲೆಮನೆಯವರು ಬೆಲ್ಲದ ಮೂಟೆಗೆ ಇಷ್ಟೆಂದು ಕೊಡುವ ಸಾಗಣೆ ಖರ್ಚು ಬೇರೆ, ಸಾಗಣೆದಾರನು ಲಾರಿಯನ್ನೇ ವರ್ಷಕ್ಕೆ ಗೊತ್ತು ಮಾಡಿಕೊಂಡು ಅದರ ಮಾಲೀಕನಿಗೆ ಕೊಡುವ ಬಾಡಿಗೆ ಬೇರೆ, ಇಲ್ಲಿಯೂ ಹಾಗೆಯೇ. ಹಡಗಿನ ಮಾಲೀಕ ಸಿಬ್ಬಂದಿ ಮತ್ತು ದುರಸ್ತಿಯ ವೆಚ್ಚ ನೋಡಿಕೊಂಡರೆ, ಬಾಡಿಗೆಗೆ ಪಡೆದ ಕಂಪನಿ ಇಂಧನವನ್ನೂ ಬಂದರು ಶುಲ್ಕವನ್ನೂ ಭರಿಸುತ್ತದೆ.

ಹ್ಯಾಂಬರ್ಗ್‌ನ ಹಡಗು ದಲ್ಲಾಳಿಗಳ ಸಂಘವು 1100, 1700, 2500 ಹೀಗೆ ಇಪ್ಪತ್ತಡಿ ಪೆಟ್ಟಿಗೆಗಳ ಲೆಕ್ಕದಲ್ಲಿ ಗೊತ್ತುಪಡಿಸಿದ ಗಾತ್ರದ ಹಡಗುಗಳಿಗೆ ದಿನಕ್ಕೆಷ್ಟು ಡಾಲರ್ ಬಾಡಿಗೆ ಸಿಕ್ಕೀತೆಂದು ಅನುಭವಿ ದಲ್ಲಾಳಿಗಳಿಂದ ಅಂದಾಜು ಪಡೆದು, ಈ ಸೂಚ್ಯಂಕವನ್ನು ಮಂಗಳವಾರ ಮತ್ತು ಗುರುವಾರ ಪ್ರಕಟಿಸುತ್ತದೆ. 2007ರ ಅಕ್ಟೋಬರ್ ಮಟ್ಟವನ್ನು 1000 ಎಂದು ಹಿಡಿಯಲಾಗಿದೆ. ಹೀಗಾಗಿ ಇಂದಿನ ಅಂಕ ತೋರಿಸುವುದು ಈಗ ಕುದುರುವ ಒಪ್ಪಂದಗಳ ಬೆಲೆಯನ್ನಷ್ಟೇ. ಕಳೆದ ವರ್ಷ ದುಬಾರಿ ದರಕ್ಕೆ ಎರಡು ವರ್ಷಗಳ ಅವಧಿಗೆ ಪಡೆದ ಹಡಗಿಗೆ ಕಂಪನಿ ಇಂದಿಗೂ ಹಳೆಯ ಬಾಡಿಗೆಯನ್ನೇ ತೆರುತ್ತಿರುತ್ತದೆ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ.

ಶಾಂಘೈ ಸೂಚ್ಯಂಕ ಪೆಟ್ಟಿಗೆಯ ದರವನ್ನೇ ಅಳೆಯುತ್ತದಾದರೂ ಅದು ಶಾಂಘೈನಿಂದ ಹೊರಡುವ ಸರಕಿನದು. ಆದ್ದರಿಂದ ಸರಕು ಸಾಗಣೆಯ ಏರ್ಪಾಡು ಮಾಡಿಕೊಡುವ ಎರಡು ಮೂರು ಫಾರ್ವರ್ಡರ್‌ಗಳಿಂದ ಚೆನ್ನೈ ಬಂದರಿನ ದರಪಟ್ಟಿ ತರಿಸಿ, ಇಂಧನ ಸರ್‌ಚಾರ್ಜ್ ಮತ್ತು ಟರ್ಮಿನಲ್ ಶುಲ್ಕದ ಸಾಲುಗಳನ್ನು ಬೇರೆಯಾಗಿ ಹೋಲಿಸಿ ನೋಡಿ.