ಮ್ಯಾಕ್ಸ್ ಫ್ರಿಶ್ ವಾಸ್ತುಶಿಲ್ಪ ಬಿಟ್ಟು ಬರವಣಿಗೆಗೆ ಬಂದದ್ದು ಹೇಗೆ?

ಸ್ವಿಟ್ಜರ್ಲೆಂಡಿನ ಲೇಖಕ ಮ್ಯಾಕ್ಸ್ ಫ್ರಿಶ್ 1911ರಲ್ಲಿ ಜ್ಯೂರಿಕ್‌ನಲ್ಲಿ ಜನಿಸಿದರು. ತಂದೆ ತೀರಿಕೊಂಡ ಮೇಲೆ ಜರ್ಮನ್ ಸಾಹಿತ್ಯದ ವ್ಯಾಸಂಗವನ್ನು ಅರ್ಧಕ್ಕೇ ನಿಲ್ಲಿಸಿ ಪತ್ರಿಕೆಗಳಿಗೆ ಬರೆದು ಜೀವನ ಸಾಗಿಸಿದ ಅವರು, ತಮ್ಮ ಬರಹದ ಮೇಲೆ ನಂಬಿಕೆ ಕಳೆದುಕೊಂಡು, 1937ರಲ್ಲಿ ಹಸ್ತಪ್ರತಿಗಳನ್ನೆಲ್ಲ ಸುಟ್ಟುಹಾಕಿದರು. ಅದಕ್ಕೂ ಮೊದಲೇ ವಾಸ್ತುಶಿಲ್ಪದ ವ್ಯಾಸಂಗಕ್ಕೆ ಸೇರಿದ್ದರು. 1943ರ ಸ್ಪರ್ಧೆಯೊಂದರಲ್ಲಿ ಗೆದ್ದು ಅವರು ವಿನ್ಯಾಸಗೊಳಿಸಿದ ಲೆಟ್ಸಿಗ್ರಾಬೆನ್ ಸಾರ್ವಜನಿಕ ಈಜುಕೊಳ 1949ರಲ್ಲಿ ತೆರೆಯಿತು. ಕಾಮಗಾರಿ ನಡೆಯುತ್ತಿದ್ದಾಗ ನಾಟಕಕಾರ ಬ್ರೆಕ್ಟ್ ಅಲ್ಲಿಗೆ ಬಂದು ನೋಡಿದ್ದರು.

ಆದರೆ ಬರವಣಿಗೆ ಅವರನ್ನು ಬಿಡಲಿಲ್ಲ. 1954ರ 'ಶ್ಟಿಲ್ಲರ್' ಕಾದಂಬರಿ ಯಶಸ್ವಿಯಾದ ಮೇಲೆ ತಮ್ಮ ವಾಸ್ತುಶಿಲ್ಪ ಕಚೇರಿಯನ್ನು ಮುಚ್ಚಿ ಪೂರ್ಣಾವಧಿ ಲೇಖಕರಾದರು. 'ನಾನು ಶ್ಟಿಲ್ಲರ್ ಅಲ್ಲ' ಎಂದು ಪಟ್ಟುಹಿಡಿಯುವ ಬಂಧಿತನ ಕಥೆಯದು. ಇತರರು ನಮ್ಮ ಬಗ್ಗೆ ಕಟ್ಟಿಕೊಂಡ ಚಿತ್ರದಿಂದ ಬಿಡುಗಡೆಯುಂಟೇ ಎಂಬ ಅದೇ ಪ್ರಶ್ನೆ 1961ರ 'ಆಂಡೋರಾ' ನಾಟಕದಲ್ಲಿ ಇನ್ನಷ್ಟು ಕ್ರೂರವಾಗುತ್ತದೆ: ಆಂಡ್ರಿ ಎಂಬ ತರುಣನನ್ನು ಯೆಹೂದಿಯೆಂದು ಊರೆಲ್ಲ ನಂಬಿ ಕೀಳಾಗಿ ಕಾಣುತ್ತದೆ, ತಾನು ಯೆಹೂದಿಯಲ್ಲ, ತನ್ನನ್ನು ಸಾಕಿದ ಶಾಲಾಮಾಸ್ತರರ ಸ್ವಂತ ಮಗನೇ ಎಂಬ ಸತ್ಯ ತಿಳಿಯುವ ಹೊತ್ತಿಗೆ, ಜನರು ಹೊರಿಸಿದ ಗುರುತನ್ನೇ ಅವನು ತನ್ನದಾಗಿಸಿಕೊಂಡಿರುತ್ತಾನೆ. ನನ್ನ ಮಟ್ಟಿಗೆ ಅವರ ಅತ್ಯಂತ ಶಕ್ತಿಶಾಲಿ ಕೃತಿ ಇದೇ. 'ಹೋಮೋ ಫಾಬರ್' (1957) ಕಾದಂಬರಿ ಲೆಕ್ಕಾಚಾರವನ್ನೇ ನಂಬಿದ ಎಂಜಿನಿಯರನ ದುರಂತವನ್ನು ಹೇಳುತ್ತದೆ.

ಸ್ವದೇಶವನ್ನು ಅವರು ನಿರ್ಭಯವಾಗಿ ಟೀಕಿಸಿದರು. ವಲಸೆ ಕಾರ್ಮಿಕರ ಕುರಿತು 1965ರಲ್ಲಿ, ನಾವು ದುಡಿಯುವ ಕೈಗಳನ್ನು ಕರೆದೆವು, ಬಂದವರು ಮನುಷ್ಯರು ಎಂಬರ್ಥದ ಮಾತು ಬರೆದರು. ಸರ್ಕಾರ ದಶಕಗಳ ಕಾಲ ತಮ್ಮ ಮೇಲೆ ಕಣ್ಣಿಟ್ಟಿತ್ತೆಂಬುದು 1990ರಲ್ಲಿ ತಮ್ಮ ಕುರಿತ ಸರ್ಕಾರಿ ಕಡತ ಕೈಸೇರಿದಾಗ ಅವರಿಗೆ ಖಚಿತವಾಯಿತು. 1991ರ ಏಪ್ರಿಲ್ 4ರಂದು ಜ್ಯೂರಿಕ್‌ನಲ್ಲಿಯೇ ನಿಧನರಾದರು.